ನಾಲ್ಕು ತಿಂಗಳು ಹಳೆಯ ಲೆಕ್ಕ

ಅಮೆರಿಕದಲ್ಲಿ ನರ್ಸಿಂಗ್ ಹೋಮ್ ಎಂದರೆ ನಮ್ಮ ಬಡಾವಣೆಯ ಖಾಸಗಿ ಆಸ್ಪತ್ರೆಯಲ್ಲ. ತಾವಾಗಿ ಎದ್ದು ಓಡಾಡಲಾಗದ, ಸ್ನಾನಕ್ಕೂ ಊಟಕ್ಕೂ ಇನ್ನೊಬ್ಬರ ಕೈ ಬೇಕಾದ ವೃದ್ಧರು, ಅಂಗವಿಕಲರು ಅಲ್ಲಿರುತ್ತಾರೆ. ಬಹಳ ಮಂದಿ ಕೊನೆಯುಸಿರಿನವರೆಗೂ. ಅಂಥ ಸಂಸ್ಥೆಗಳು ದೇಶದಲ್ಲಿ ಸುಮಾರು 15,000 ಇವೆ, ಒಳಗಿರುವವರು 12 ಲಕ್ಷದ ಆಸುಪಾಸು. ಅವರಲ್ಲಿ ಹತ್ತಕ್ಕೆ ಆರು ಮಂದಿಯ ಖರ್ಚನ್ನು ಬಡವರಿಗಾಗಿ ಇರುವ ಮೆಡಿಕೇಡ್ ಯೋಜನೆ ಭರಿಸುತ್ತದೆ. ಆದರೆ ಅದಕ್ಕೊಂದು ಷರತ್ತು. ನಿವಾಸಿಯ ಪಿಂಚಣಿಯ ಬಹುಪಾಲು ಮೊದಲು ಸಂಸ್ಥೆಗೆ ಸಲ್ಲಬೇಕು, ಉಳಿದದ್ದನ್ನಷ್ಟೇ ಸರ್ಕಾರ ತುಂಬುತ್ತದೆ. ನಿವಾಸಿಯ ಕೈಖರ್ಚಿಗೆ ಬಿಡಲೇಬೇಕೆಂದು ಒಕ್ಕೂಟ ಸರ್ಕಾರದ ಕಾನೂನು ಹೇಳುವ ಕನಿಷ್ಠ ಮೊತ್ತ ತಿಂಗಳಿಗೆ 30 ಡಾಲರ್. 1988ರಲ್ಲಿ 25ರಿಂದ 30ಕ್ಕೆ ಏರಿದ್ದು ಇವತ್ತಿಗೂ ಅಲ್ಲೇ ಇದೆ. ರಾಜ್ಯಗಳು ಇದಕ್ಕಿಂತ ಹೆಚ್ಚು ಬಿಡಬಹುದು, ಬಹಳಷ್ಟು ಬಿಡುತ್ತವೆ ಕೂಡ. ಅಲಾಸ್ಕಾ 200 ಡಾಲರ್ ಬಿಡುತ್ತದೆ. ಕ್ಷೌರ, ಫೋನು, ಮೊಮ್ಮಗುವಿನ ಹುಟ್ಟುಹಬ್ಬಕ್ಕೊಂದು ಕಾರ್ಡು, ಅಡುಗೆ ಸೇರದ ದಿನ ಹೊರಗಿನದೇನಾದರೂ ತಿಂಡಿ: ಎಲ್ಲವೂ ಇಷ್ಟರಲ್ಲೇ.

ಬ್ಯಾಂಕಿಗೆ ಹೋಗಲಾಗದವರು ಈ ಹಣವನ್ನು ಸಂಸ್ಥೆಯ ಬಳಿಯೇ ಇಟ್ಟಿರುತ್ತಾರೆ. ಕಚೇರಿಯಲ್ಲಿ ಅದಕ್ಕೆ ಟ್ರಸ್ಟ್ ಫಂಡ್ ಎನ್ನುತ್ತಾರೆ. ಮಾತ್ರೆ ಕೊಡುವವರು, ಹಾಸಿಗೆ ಬದಲಿಸುವವರು, ಬಾಗಿಲು ಹಾಕುವವರು ಯಾರೋ ಅವರದೇ ಕಚೇರಿಯಲ್ಲಿ ಹಣವೂ ಇರುತ್ತದೆ, ಹಣದ ಲೆಕ್ಕವೂ ಇರುತ್ತದೆ. ಆ ಲೆಕ್ಕವನ್ನು ನಿವಾಸಿ ಯಾವಾಗ ನೋಡಬಹುದು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಗುಮಾಸ್ತರ ಮಟ್ಟದ್ದು. ನನ್ನ ದೃಷ್ಟಿಯಲ್ಲಿ ಹಕ್ಕಿನ ಜೀವ ಇರುವುದು ಆ ‘ಯಾವಾಗ’ದಲ್ಲೇ. ತೋರಿಸುತ್ತೇವೆ ಎನ್ನುವುದಕ್ಕೆ ಯಾವ ಸಂಸ್ಥೆಯೂ ಹಿಂದೆಗೆಯುವುದಿಲ್ಲ. ಇಂದೇ ತೋರಿಸಿ ಎಂದರೆ ಮಾತ್ರ ಮುಖ ಬದಲಾಗುತ್ತದೆ.

ಕಾನೂನು ಏನೂ ಇಲ್ಲವೆಂದಲ್ಲ. 1986ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ವರದಿ ನರ್ಸಿಂಗ್ ಹೋಮುಗಳ ದುಃಸ್ಥಿತಿಯನ್ನು ಬಿಚ್ಚಿಟ್ಟಿತು. ಅದಕ್ಕೂ ಮುಂಚೆ ಗ್ರಾಹಕ ಸಂಘಟನೆಗಳ ಒಕ್ಕೂಟವೊಂದು ಹಲವು ನಗರಗಳ ನೂರಾರು ನಿವಾಸಿಗಳನ್ನೇ ಕೂರಿಸಿಕೊಂಡು, ಒಳ್ಳೆಯ ಆರೈಕೆ ಎಂದರೆ ನಿಮಗೆ ಏನು ಎಂದು ಕೇಳಿತ್ತು. ಅದುವರೆಗೆ ಆ ಪ್ರಶ್ನೆಯನ್ನು ವೈದ್ಯರಿಗೆ, ಮಾಲೀಕರಿಗೆ, ಅಧಿಕಾರಿಗಳಿಗೆ ಕೇಳುವುದು ರೂಢಿ. 1987ರ ಡಿಸೆಂಬರಿನಲ್ಲಿ ಅಧ್ಯಕ್ಷ ರೇಗನ್ ಸಹಿಯಿಂದ ನರ್ಸಿಂಗ್ ಹೋಮ್ ಸುಧಾರಣಾ ಕಾನೂನು ರೂಪುಗೊಂಡಾಗ ನಿವಾಸಿಯ ಹಣದ ಬಗ್ಗೆ ಅದರಲ್ಲಿ ಬಿಗಿಯಾದ ಮಾತುಗಳೇ ಇದ್ದವು. ಹಣವನ್ನು ತಮ್ಮಲ್ಲಿಡಿ ಎಂದು ಸಂಸ್ಥೆ ಒತ್ತಾಯಿಸುವಂತಿಲ್ಲ. ನಿವಾಸಿ ಬರೆದುಕೊಟ್ಟರೆ ಇಟ್ಟುಕೊಳ್ಳಲು ಒಲ್ಲೆ ಎನ್ನುವಂತೆಯೂ ಇಲ್ಲ. ಸಂಸ್ಥೆಯ ಹಣದೊಂದಿಗೆ ಅದನ್ನು ಬೆರೆಸಬಾರದು. ಮೆಡಿಕೇಡ್ ನಿವಾಸಿಯದಾದರೆ 50 ಡಾಲರ್ ಮೀರಿದ್ದು ಬಡ್ಡಿ ಬರುವ ಬೇರೆ ಖಾತೆಯಲ್ಲಿರಬೇಕು. ಹಣಕ್ಕೆ ಜಾಮೀನು ಬಾಂಡ್ ಇರಬೇಕು. ನಿವಾಸಿ ತೀರಿಕೊಂಡರೆ ತಡಮಾಡದೆ, ಈಗಿನ ನಿಯಮಾವಳಿಯಂತೆ 30 ದಿನದೊಳಗೆ, ಉಳಿದ ಹಣವನ್ನೂ ಅಂತಿಮ ಲೆಕ್ಕವನ್ನೂ ವಾರಸುದಾರಿಕೆ ನಿರ್ವಹಿಸುವವರಿಗೆ ಒಪ್ಪಿಸಬೇಕು.

ಬದುಕಿರುವಾಗ? ಲೆಕ್ಕ ‘ಮೂರು ತಿಂಗಳಿಗೊಮ್ಮೆ, ಮತ್ತು ಕೇಳಿದಾಗ’ ಸಿಗಬೇಕು ಎನ್ನುತ್ತದೆ ನಿಯಮ. ಮೂರು ತಿಂಗಳ ಲೆಕ್ಕಪತ್ರವನ್ನು ಆ ಅವಧಿ ಮುಗಿದ 30 ದಿನದೊಳಗೆ ಕೊಟ್ಟರೆ ಸಾಕು ಎಂದು ತಪಾಸಣಾ ಕೈಪಿಡಿ ವಿವರಿಸುತ್ತದೆ. ಅಂದರೆ ಜನವರಿ 2ರಂದು ಯಾರೋ ಖಾತೆಯಿಂದ 40 ಡಾಲರ್ ತೆಗೆದರೆ, ನಿಯಮ ಚಾಚೂ ತಪ್ಪದೆ ಪಾಲಿಸಿದ ಸಂಸ್ಥೆಯಲ್ಲೂ, ಅದು ನಿವಾಸಿಯ ಕಣ್ಣಿಗೆ ಬೀಳುವುದು ಏಪ್ರಿಲ್ ಕೊನೆಯಲ್ಲಾಗಬಹುದು.

ನಲವತ್ತರ ಪ್ರಾಯದವರಿಗೆ ನಾಲ್ಕು ತಿಂಗಳು ದೊಡ್ಡ ಮಾತಲ್ಲ. ಆದರೆ 2010ರಲ್ಲಿ ಅಲ್ಲಿನ ಜೆರಿಯಾಟ್ರಿಕ್ಸ್ ಸೊಸೈಟಿಯ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನವನ್ನು ಇದರ ಪಕ್ಕಕ್ಕಿಟ್ಟು ನೋಡಿ. ನರ್ಸಿಂಗ್ ಹೋಮಿನಲ್ಲೇ ತೀರಿಕೊಂಡವರನ್ನು ತೆಗೆದುಕೊಂಡರೆ, ಸೇರಿದ ಐದು ತಿಂಗಳೊಳಗೆ ಅರ್ಧದಷ್ಟು ಮಂದಿ ಹೋಗಿಬಿಟ್ಟಿದ್ದರು. ಗಂಡಸರಲ್ಲಿ ಆ ಅವಧಿ ಮೂರೇ ತಿಂಗಳು. ಜನವರಿ ಮೊದಲ ವಾರ ಸೇರಿದ ಅಂಥ ಗಂಡಸರಲ್ಲಿ ಅರ್ಧ ಮಂದಿ ಮೊದಲ ಲೆಕ್ಕಪತ್ರ ಅಚ್ಚಾಗುವ ಮುಂಚೆಯೇ ಇರುವುದಿಲ್ಲ. ಮೂರು ತಿಂಗಳ ಗಡುವನ್ನು ಬರೆದವರ ತಲೆಯಲ್ಲಿ ಬ್ಯಾಂಕಿನ ಠೇವಣಿದಾರನಿದ್ದ, ಹಾಸಿಗೆ ಹಿಡಿದ ಮನುಷ್ಯನಿರಲಿಲ್ಲ ಎಂದು ನನಗೆ ತೋರುವುದು ಇದಕ್ಕೇ.

‘ಕೇಳಿದಾಗ’ ಎಂಬ ಪದ ಇದೆಯಲ್ಲ ಎನ್ನಬಹುದು. ಇದೆ. ಅದಕ್ಕೆ ಗಡಿಯಾರವಿಲ್ಲ. ಅದೇ ನಿಯಮಾವಳಿಯ ಇನ್ನೊಂದು ಕಲಂ ನಿವಾಸಿಯ ವೈಯಕ್ತಿಕ ಮತ್ತು ವೈದ್ಯಕೀಯ ದಾಖಲೆಗಳ ಬಗ್ಗೆ ಮಾತನಾಡುವಾಗ ಗಡಿಯಾರ ಹಿಡಿದೇ ಮಾತನಾಡುತ್ತದೆ. ಬಾಯಲ್ಲಿ ಕೇಳಿದರೂ ಸಾಕು, ರಜಾದಿನ ಬಿಟ್ಟು 24 ಗಂಟೆಯೊಳಗೆ ತೋರಿಸಬೇಕು, ಎರಡು ಕೆಲಸದ ದಿನ ಮುಂಚೆ ತಿಳಿಸಿದರೆ ಪ್ರತಿ ಕೊಡಬೇಕು. ಅಮೆರಿಕದ ಆಸ್ಪತ್ರೆಗಳಿಗೆ ಇದೇ ಬಗೆಯ ಕೋರಿಕೆಗೆ 30 ದಿನದ ಅವಕಾಶ ಇರುವಾಗ, ನರ್ಸಿಂಗ್ ಹೋಮಿಗೆ ಒಂದೇ ದಿನ ಕೊಟ್ಟದ್ದು ಬೇಕೆಂದೇ. ಇಲ್ಲಿ ಕಾಯಲು ಹೆಚ್ಚು ಕಾಲ ಉಳಿದಿಲ್ಲ ಎಂಬುದು ಶಾಸನ ಬರೆದವರಿಗೆ ಗೊತ್ತಿತ್ತು. ಹಣದ ಲೆಡ್ಜರು, ಸಂಸ್ಥೆಯೊಂದಿಗಿನ ಕರಾರು ಪತ್ರ ಇವೂ ‘ದಾಖಲೆ’ಗಳೇ ಎಂದು ತಪಾಸಣೆ ಅಧಿಕಾರಿಗಳ ಹಳೆಯ ಕೈಪಿಡಿ ಬಿಡಿಸಿ ಹೇಳಿತ್ತು. ಹಾಗಿದ್ದರೆ ಅದನ್ನು ನಿಯಮದಲ್ಲೇ ಬರೆಯಬಹುದಲ್ಲ? ಕೈಪಿಡಿಯಲ್ಲಿ ಇರುವುದನ್ನು ತಪಾಸಕ ಓದುತ್ತಾನೆ, ವಕೀಲ ಓದುತ್ತಾನೆ. ಗಾಲಿಕುರ್ಚಿಯಲ್ಲಿ ಕೂತು ಕಚೇರಿಯ ಕಿಟಕಿಗೆ ಬಂದ ಮುದುಕಿಗೆ ಆ ಹೊತ್ತಿಗೆ ಬೇಕಾದದ್ದು ಒಂದು ಸಾಲು: ನಾಳೆ ಈ ಹೊತ್ತಿಗೆ ಲೆಕ್ಕ ನಿಮ್ಮ ಕೈಯಲ್ಲಿರಬೇಕು.

ಇಲ್ಲೊಂದು ವಿಚಿತ್ರವನ್ನೂ ಗಮನಿಸಬೇಕು. ಅದೇ ಅಧಿಕೃತ ವಿವರಣೆಗಳ ಪ್ರಕಾರ ಮೆಡಿಕೇಡ್ ನಿವಾಸಿ ತನ್ನ ಖಾತೆಯಿಂದ 50 ಡಾಲರಿಗಿಂತ ಕಡಿಮೆ ನಗದು ಕೇಳಿದರೆ ಅದೇ ದಿನ ಕೊಡಬೇಕು. ಹೆಚ್ಚಿನ ಮೊತ್ತಕ್ಕೆ ಮೂರು ಬ್ಯಾಂಕ್ ದಿನ. ಹಣಕ್ಕೆ ಇರುವ ಆತುರ ಹಣದ ಲೆಕ್ಕಕ್ಕೆ ಇಲ್ಲ. ಖಾತೆಯಲ್ಲಿ ಎಷ್ಟಿದೆಯೆಂದು ತಿಳಿಯದವರು ಎಷ್ಟು ಕೇಳಬೇಕು?

ತಡವಾದ ಲೆಕ್ಕದಿಂದ ಆಗುವ ಹಾನಿ ಬರೀ ಮನಸ್ಸಿನದಲ್ಲ. ಮೆಡಿಕೇಡ್ ಪಡೆಯುವವರ ಹೆಸರಲ್ಲಿ ಇರಬಹುದಾದ ಉಳಿತಾಯದ ಮಿತಿ ಬಹುತೇಕ ರಾಜ್ಯಗಳಲ್ಲಿ 2,000 ಡಾಲರ್. ದಾಟಿದರೆ ನೆರವೇ ನಿಲ್ಲಬಹುದು. ಆದ್ದರಿಂದ ಮಿತಿಗೆ 200 ಡಾಲರ್ ಬಾಕಿ ಇರುವಾಗಲೇ ಸಂಸ್ಥೆ ನಿವಾಸಿಯನ್ನು ಎಚ್ಚರಿಸಬೇಕೆಂಬ ನಿಯಮವಿದೆ. ಆ ಎಚ್ಚರಿಕೆ ಒಂದು ತಿಂಗಳು ತಡವಾದರೆ, ಅಷ್ಟರಲ್ಲಿ ಪಿಂಚಣಿ ಬಾಕಿಯೊಂದು ಜಮೆಯಾದರೆ, ಕನ್ನಡಕವನ್ನೋ ಹಲ್ಲಿನ ಸೆಟ್ಟನ್ನೋ ಕೊಂಡು ಮಿತಿಯೊಳಗೆ ಉಳಿಯಬಹುದಾಗಿದ್ದ ಮನುಷ್ಯನಿಗೆ ಆ ಅವಕಾಶ ತಪ್ಪುತ್ತದೆ. ತಪ್ಪು ಕಚೇರಿಯದು, ನೆರವು ಕಡಿತವಾಗುವುದು ನಿವಾಸಿಗೆ.

2020ರ ವಸಂತದಲ್ಲಿ ಈ ಸಂಗತಿ ಇಡೀ ದೇಶದ ಮುಂದೆ ಬಂತು. ಕೋವಿಡ್ ಪರಿಹಾರವೆಂದು ಸರ್ಕಾರ ತಲೆಗೆ 1,200 ಡಾಲರ್ ಹಂಚಿತು. ನರ್ಸಿಂಗ್ ಹೋಮಿನಲ್ಲಿದ್ದ, ಮೆಡಿಕೇಡ್ ಪಡೆಯುತ್ತಿದ್ದ ವೃದ್ಧರಿಗೂ ಬಂತು. ಕೆಲವು ಸಂಸ್ಥೆಗಳು, ನೀವು ಮೆಡಿಕೇಡಿನಲ್ಲಿದ್ದೀರಿ, ಆದ್ದರಿಂದ ಈ ಹಣ ನಮಗೆ ಸೇರಬೇಕು ಎಂದು ಬರೆಸಿಕೊಂಡವು. ಅದು ಶುದ್ಧ ಸುಳ್ಳು. ಆ ಹಣ ಕಾನೂನಿನ ಪ್ರಕಾರ ಆದಾಯವೂ ಅಲ್ಲ, 12 ತಿಂಗಳವರೆಗೆ ಆಸ್ತಿ ಎಂದೂ ಎಣಿಸುವಂತಿರಲಿಲ್ಲ. ಮೇ ತಿಂಗಳಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಸಾರ್ವಜನಿಕವಾಗಿ ಎಚ್ಚರಿಸಿತು. ಜೂನಿನಲ್ಲಿ ಆದಾಯ ತೆರಿಗೆ ಇಲಾಖೆ, ಹಣ ನಿವಾಸಿಯದು, ಸಂಸ್ಥೆಯದಲ್ಲ ಎಂದು ಹೇಳಿಕೆ ಕೊಡಬೇಕಾಯಿತು. ಆಗಿನ ಪರಿಸ್ಥಿತಿ ನೆನಪಿಸಿಕೊಳ್ಳಿ. ಮಾರ್ಚ್ ಮಧ್ಯದಿಂದಲೇ ಸಂದರ್ಶಕರಿಗೆ ಬಾಗಿಲು ಮುಚ್ಚಿತ್ತು. ಮಗಳು ಕಿಟಕಿಯ ಗಾಜಿನಾಚೆ ನಿಂತು ಕೈ ಬೀಸಬಹುದಿತ್ತು, ಅಷ್ಟೆ. ಕಪಾಟು ತೆಗೆದು ನೋಡುವಂತಿಲ್ಲ, ಕಚೇರಿಗೆ ಹೋಗಿ ಕೇಳುವಂತಿಲ್ಲ. ಹಣ ಬಂತೇ, ಬಂದದ್ದು ಎಲ್ಲಿ ಹೋಯಿತು ಎಂಬುದನ್ನು ಹೊರಗಿನವರಿಗೆ ತಿಳಿಸಬಲ್ಲದ್ದು ಲೆಡ್ಜರಿನ ಪ್ರತಿಯೊಂದೇ. ಏಪ್ರಿಲ್ ಮಧ್ಯದಲ್ಲಿ ಜಮೆಯಾದ ಹಣದ ಲೆಕ್ಕ ಮೂರು ತಿಂಗಳ ಪದ್ಧತಿಯಲ್ಲಿ ಮನೆಯವರಿಗೆ ಮುಟ್ಟುವುದು ಜುಲೈ ಕೊನೆಗೆ.

ಕಳ್ಳತನದ ಕಥೆ ಬೇರೆ. 2013ರಲ್ಲಿ ಯುಎಸ್‌ಎ ಟುಡೇ ಪತ್ರಿಕೆ ತಪಾಸಣಾ ದಾಖಲೆಗಳನ್ನು ಜಾಲಾಡಿದಾಗ, ನಿವಾಸಿಗಳ ಹಣವನ್ನು ಸರಿಯಾಗಿ ನಿರ್ವಹಿಸದ್ದಕ್ಕೆ ಛೀಮಾರಿ ಹಾಕಿಸಿಕೊಂಡ ಪ್ರಕರಣಗಳು ಸಾವಿರ ದಾಟಿದ್ದವು. ನೇರ ಕಳವು ನಡೆದ ಕಡೆ ಕದ್ದವರು ಹೆಚ್ಚಾಗಿ ಲೆಕ್ಕ ಬರೆಯುವ ಮೇಜಿನವರೇ. ಮೂವತ್ತು, ನಲವತ್ತು ಡಾಲರಿನ ತುಣುಕುಗಳಲ್ಲಿ, ‘ಕ್ಷೌರ’, ‘ಬಟ್ಟೆ’ ಎಂದು ಬರೆದು ವರ್ಷಗಟ್ಟಲೆ ತೆಗೆದರೆ ವಾರ್ಷಿಕ ಆಡಿಟ್ಟಿನಲ್ಲಿ ಅದು ಎದ್ದು ಕಾಣುವುದಿಲ್ಲ. ಆಡಿಟರಿಗೆ ಚೀಟಿ ಕಾಣುತ್ತದೆ. ಆ ತಿಂಗಳು ತನಗೆ ಕ್ಷೌರವೇ ಆಗಿರಲಿಲ್ಲ ಎಂದು ಹೇಳಬಲ್ಲ ಮನುಷ್ಯ ಒಬ್ಬನೇ, ಅದೂ ನೆನಪು ಹಸಿಯಾಗಿರುವಾಗ ಮಾತ್ರ. ನಾಲ್ಕು ತಿಂಗಳ ಮೇಲೆ ಅವನಿಗೂ ಗ್ಯಾರಂಟಿ ಇಲ್ಲ. ಅಂದು ಜೊತೆಗಿದ್ದ ಸಹಾಯಕಿ ಕೆಲಸ ಬಿಟ್ಟಿರುತ್ತಾಳೆ, ಏಕೆಂದರೆ ಈ ಕ್ಷೇತ್ರದಲ್ಲಿ ಸಿಬ್ಬಂದಿ ನಿಲ್ಲುವುದೇ ಅಪರೂಪ.

ಇದಕ್ಕೆ ಎದುರಾಗಿ ಬರುವ ವಾದಗಳಲ್ಲಿ ಮೊದಲನೆಯದು ಕೆಲಸದ ಹೊರೆ. ನರ್ಸುಗಳೇ ಸಾಲದ ಕಡೆ ಕಾಗದ ಹೆಚ್ಚಿಸಬೇಡಿ ಎನ್ನುತ್ತಾರೆ. 1987ರಲ್ಲಿ ಈ ಮಾತಿಗೆ ತೂಕವಿತ್ತು, ಲೆಡ್ಜರು ಕೈಬರಹದ್ದಾಗಿತ್ತು. ಈಗ ಬೆಂಗಳೂರಿನ ಪಿಂಚಣಿದಾರನ ಖಾತೆಯಿಂದ 500 ರೂಪಾಯಿ ಹೊರಟರೆ ಅವನ ಜೇಬಿನ ಫೋನು ಆ ಕ್ಷಣವೇ ಗುಂಯ್‌ಗುಡುತ್ತದೆ. ಸರ್ಕಾರಕ್ಕೆ ಬಿಲ್ಲು ಕಳಿಸುವಾಗ ಒಂದು ದಿನವನ್ನೂ ತಡಮಾಡದ ಸಂಸ್ಥೆಗೆ ನಿವಾಸಿಯ ಲೆಕ್ಕದ ಒಂದು ಹಾಳೆ ಮುದ್ರಿಸುವುದು ಹೊರೆ ಎಂದರೆ ನಾನು ನಂಬಲಾರೆ.

ಎರಡನೆಯ ವಾದ ಗಟ್ಟಿಯಾದದ್ದು. ಈ ನಿವಾಸಿಗಳಲ್ಲಿ ಸುಮಾರು ಅರ್ಧ ಮಂದಿಗೆ ಮರೆವಿನ ಕಾಯಿಲೆ. ಅವರ ಕೈಗೆ ಅಂಕಿಗಳ ಹಾಳೆ ಕೊಟ್ಟು ಯಾರಿಗೆ ಏನು ಲಾಭ? ಮನೆಯವರಿಗೆ ಕೊಡೋಣವೆಂದರೆ, ವೃದ್ಧರ ಹಣ ನುಂಗುವವರಲ್ಲಿ ಮನೆಯವರೇ ಮುಂದು ಎಂಬುದು ವೃದ್ಧರೊಂದಿಗೆ ಕೆಲಸ ಮಾಡಿದ ಯಾರಿಗೂ ಹೊಸ ವಿಷಯವಲ್ಲ. ಈ ಆಕ್ಷೇಪಣೆಯನ್ನು ತಳ್ಳಿಹಾಕಲಾಗದು. ಆದರೆ ಅದು ಸಾಬೀತುಮಾಡುವುದೇನು? ಲೆಕ್ಕ ಯಾರ ಕೈ ಸೇರಬೇಕು ಎಂಬುದನ್ನು ಎಚ್ಚರದಿಂದ ಗೊತ್ತುಮಾಡಬೇಕು ಎಂಬುದನ್ನು. ತಡವಾಗಿ ಕೊಡಬಹುದು ಎಂಬುದನ್ನಲ್ಲ. ತನ್ನ ಪರವಾಗಿ ಯಾರು ನೋಡಬೇಕೆಂದು ನಿವಾಸಿಯೇ ಮೊದಲು ಬರೆದಿಡಬಹುದು. ನ್ಯಾಯಾಲಯ ಅಸಮರ್ಥರೆಂದು ಘೋಷಿಸುವವರೆಗೆ ಹಕ್ಕು ಅವರದ್ದೇ. ಮಗನ ಮೇಲೇ ಅನುಮಾನವಿದ್ದರೆ ಪ್ರತಿ ರಾಜ್ಯದಲ್ಲೂ ನಿವಾಸಿಗಳ ದೂರು ಕೇಳುವ ಓಂಬುಡ್ಸ್‌ಮನ್ ಇದ್ದಾರೆ. 1972ರಲ್ಲಿ ಪ್ರಯೋಗವಾಗಿ ಶುರುವಾದ ಆ ವ್ಯವಸ್ಥೆ 1978ರಿಂದ ಎಲ್ಲ ರಾಜ್ಯಗಳಿಗೂ ಕಡ್ಡಾಯ. ಮಗನಿಗೆ ತೋರಿಸಲು ಭಯವಿರುವ ಕಡೆ ಓಂಬುಡ್ಸ್‌ಮನ್‌ಗೆ ಅದೇ ದಿನ ತೋರಿಸುವುದಕ್ಕೆ ಏನಡ್ಡಿ? ಇನ್ನು ಮರೆವಿನ ಮಾತು. ಎಲ್ಲ ನೆನಪಿರುವವನಿಗೆ ಲೆಕ್ಕಪತ್ರ ಒಂದು ಅನುಕೂಲ, ಅಷ್ಟೆ. ನಿನ್ನೆಯದು ನೆನಪಿಲ್ಲದವನ ಪರವಾಗಿ ಸಾಕ್ಷಿ ಹೇಳಲು ಅದನ್ನು ಬಿಟ್ಟರೆ ಬೇರೇನೂ ಇಲ್ಲ.

ಸರ್ಕಾರಿ ತಪಾಸಣೆ ಇದೆಯಲ್ಲ ಎಂಬುದು ಮೂರನೆಯದು. ತಪಾಸಕರು ಹದಿನೈದು ತಿಂಗಳಿಗೊಮ್ಮೆಯಾದರೂ ಬರಬೇಕು, ಬಂದಾಗ ಕೆಲವೇ ನಿವಾಸಿಗಳ ಕಡತ ನೋಡುತ್ತಾರೆ. ಹಾಸಿಗೆ ಹುಣ್ಣು, ಬಿದ್ದು ಮೂಳೆ ಮುರಿದದ್ದು, ತಪ್ಪು ಔಷಧಿ ಇವುಗಳ ಮುಂದೆ 30 ಡಾಲರಿನ ತಕರಾರು ಸಹಜವಾಗಿಯೇ ಕೆಳಗೆ ಸರಿಯುತ್ತದೆ. ಅದಕ್ಕೆ ನಾನು ತಪಾಸಕರನ್ನು ದೂರಲಾರೆ. ತಮ್ಮ ಹಣವನ್ನು ನಿವಾಸಿಗಳೇ ಕಾಯಲಿ ಎಂದರೆ ಅವರ ಕೈಗೆ ಲೆಕ್ಕದ ಪುಸ್ತಕ ಕೊಡಬೇಕು.

ಲೆಕ್ಕ ಎಂದರೆ ಟ್ರಸ್ಟ್ ಫಂಡಿನದಷ್ಟೇ ಅಲ್ಲ, ಸಂಸ್ಥೆ ನಿವಾಸಿಯ ಮೇಲೆ ಹಾಕುವ ಬಿಲ್ಲೂ ಹೌದು. ಇಲ್ಲಿ ಅಧಿಕಾರದ ಅಂತರ ಇನ್ನೂ ಬೆತ್ತಲಾಗಿ ಕಾಣುತ್ತದೆ. ಬಿಲ್ಲಿನ ಬಗ್ಗೆ ತಕರಾರು ತೆಗೆದ ಮನೆಯವರ ವಿರುದ್ಧ ಕೆಲವು ಸಂಸ್ಥೆಗಳು, ಈ ವೃದ್ಧೆಗೆ ಪಾಲಕರನ್ನು ನೇಮಿಸಿ ಎಂದು ನ್ಯಾಯಾಲಯಕ್ಕೇ ಹೋದದ್ದನ್ನು ನ್ಯೂಯಾರ್ಕ್ ಟೈಮ್ಸ್ 2015ರ ಜನವರಿಯಲ್ಲಿ ವಿವರವಾಗಿ ವರದಿ ಮಾಡಿತು. ಪಾಲಕರ ನೇಮಕವಾದರೆ ಹಣದ ಮೇಲಿನ ಹತೋಟಿ ಗಂಡನ ಕೈಯಿಂದಲೂ ತಪ್ಪಿಹೋಗುತ್ತದೆ. ಪ್ರವೇಶಕ್ಕೆ ಬದಲಾಗಿ ಮಕ್ಕಳಿಂದಲೋ ಗೆಳೆಯರಿಂದಲೋ ಜಾಮೀನು ಬರೆಸಿಕೊಳ್ಳುವುದು 1987ರ ಕಾನೂನಿನಲ್ಲೇ ನಿಷಿದ್ಧ. ಆದರೂ ಆ ಬಗೆಯ ಕರಾರು ಹಿಡಿದು ಬಂಧುಗಳ ಬೆನ್ನು ಹತ್ತುವುದನ್ನು ನಿಲ್ಲಿಸಿ ಎಂದು ಗ್ರಾಹಕ ಹಣಕಾಸು ರಕ್ಷಣಾ ಬ್ಯೂರೋ 2022ರಲ್ಲೂ ಹೇಳಬೇಕಾಯಿತು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎನ್ನುತ್ತೇವಲ್ಲ, ಹಾಗೆ. ಬಿಲ್ಲಿನ ವಿವರ 24 ಗಂಟೆಯೊಳಗೆ ಸಿಗುವಂತಿದ್ದರೆ ಇಂಥ ಎಷ್ಟೋ ಜಗಳ ನ್ಯಾಯಾಲಯದ ಮೆಟ್ಟಿಲು ಹತ್ತುವ ಮುಂಚೆಯೇ ಮುಗಿಯುತ್ತಿತ್ತು, ಎರಡೂ ಕಡೆಯ ಖರ್ಚು ಉಳಿಯುತ್ತಿತ್ತು.

ಹಕ್ಕು ಮುರಿದಾಗ ನಿವಾಸಿಯೇ ನ್ಯಾಯಾಲಯಕ್ಕೆ ಹೋಗಬಹುದೇ ಎಂಬ ಪ್ರಶ್ನೆಗೆ 2023ರ ಜೂನಿನಲ್ಲಿ ಸುಪ್ರೀಂ ಕೋರ್ಟ್ ಭಾಗಶಃ ಉತ್ತರಿಸಿತು. ಇಂಡಿಯಾನಾ ರಾಜ್ಯದ ತಾಲೆವ್ಸ್‌ಕಿ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳು ಇಬ್ಬರ ವಿರುದ್ಧ ನಿಂತು, 1987ರ ಕಾನೂನು ನಿವಾಸಿಗೆ ದಾವೆ ಹೂಡಬಲ್ಲ ಹಕ್ಕನ್ನೇ ಕೊಟ್ಟಿದೆ ಎಂದರು. ತೀರ್ಪು ಬರೆದವರು ನ್ಯಾಯಮೂರ್ತಿ ಕೇತಾಂಜಿ ಬ್ರೌನ್ ಜಾಕ್ಸನ್. ಅಲ್ಲಿ ವಿವಾದವಿದ್ದದ್ದು ಔಷಧಿ ಕೊಟ್ಟು ಮಂಕುಮಾಡುವುದರ ಬಗ್ಗೆ, ಬಲವಂತವಾಗಿ ಬೇರೆಡೆಗೆ ಸಾಗಿಸುವುದರ ಬಗ್ಗೆ. ಹಣದ ಬಗ್ಗೆ ಅಲ್ಲ. ದಾರಿ ತೆರೆದದ್ದು ಸಹ ಸರ್ಕಾರಿ ಒಡೆತನದ ಸಂಸ್ಥೆಗಳ ಮಟ್ಟಿಗೆ. ಸುಮಾರು ನೂರಕ್ಕೆ ಎಪ್ಪತ್ತು ಸಂಸ್ಥೆಗಳು ಲಾಭಕ್ಕಾಗಿ ನಡೆಯುವ ದೇಶದಲ್ಲಿ ಇದು ಸಣ್ಣ ಬಾಗಿಲು. ಮೇಲಾಗಿ 40 ಡಾಲರಿಗಾಗಿ ಯಾವ ವಕೀಲನೂ ದಾವೆ ಹಿಡಿಯುವುದಿಲ್ಲ. ಅದಕ್ಕೇ ಮೊದಲ ದಿನವೇ ಕೈಗೆ ಬರುವ ಒಂದು ಹಾಳೆ, ವರ್ಷದ ಮೇಲೆ ಬರುವ ತೀರ್ಪಿಗಿಂತ ಹೆಚ್ಚು ಬೆಲೆಯದು. ನಿಯಮ ತಿದ್ದುವುದು ಕಷ್ಟವೂ ಅಲ್ಲ. 2016ರಲ್ಲಿ ಇಡೀ ನಿಯಮಾವಳಿಯನ್ನೇ ಹೊಸದಾಗಿ ಬರೆದರು. ಆಗಲೂ ಮೂರು ತಿಂಗಳು ಹಾಗೇ ಉಳಿಯಿತು. ಅದನ್ನು ಒಂದು ತಿಂಗಳೆಂದು ತಿದ್ದಿ, ‘ಕೇಳಿದಾಗ’ ಎಂಬುದಕ್ಕೆ 24 ಗಂಟೆ ಸೇರಿಸಿದರೆ ಸಾಕು.

ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ನೆಲೆಸಿ, ತಂದೆತಾಯಿಯನ್ನು ಗ್ರೀನ್ ಕಾರ್ಡಿನ ಮೇಲೆ ಕರೆಸಿಕೊಂಡಿರುವ ಕನ್ನಡಿಗರಿಗೂ ಇದು ದೂರದ ಮಾತಲ್ಲ. 1996ರ ಕಾನೂನಿನಂತೆ ಹಾಗೆ ಬಂದವರಲ್ಲಿ ಹೆಚ್ಚಿನವರು ಮೆಡಿಕೇಡಿಗೆ ಐದು ವರ್ಷ ಕಾಯಬೇಕು. ಕಾದು, ಆಮೇಲೆ ಪಾರ್ಶ್ವವಾಯು ಹೊಡೆದ ಅಮ್ಮನನ್ನು ಮನೆಯಲ್ಲಿ ನೋಡಿಕೊಳ್ಳಲಾಗದೆ ನರ್ಸಿಂಗ್ ಹೋಮಿಗೆ ಸೇರಿಸಿದರೆನ್ನಿ. ಆಕೆಗೆ ಅರ್ಥವಾಗುವ ಭಾಷೆಯಲ್ಲೇ ಮಾಹಿತಿ ಕೊಡಬೇಕೆಂದು ನಿಯಮ ಹೇಳುತ್ತದೆ, ಅಂದರೆ ಕನ್ನಡದಲ್ಲಿ. ಆದರೆ ದಾಖಲೆಗಳಿಗೆ ಮಾತ್ರ ಅದರಿಂದ ವಿನಾಯಿತಿ. ಅವುಗಳ ಅನುವಾದಿತ ಸಾರಾಂಶ ಬೇಕೆಂದರೆ ಖರ್ಚು ನಿವಾಸಿಯದೇ. ಯಾವ ಹಣದಿಂದ? ಅದೇ ಕೈಖರ್ಚಿನ ಚಿಲ್ಲರೆಯಿಂದ.

ಕರ್ನಾಟಕದಲ್ಲಿ ಗಡುವು ಮೂರು ತಿಂಗಳೋ ಒಂದೋ ಎಂಬ ಜಗಳವನ್ನು ಆಡುವ ಹಂತಕ್ಕೇ ನಾವು ಬಂದಿಲ್ಲ. ತಂದೆತಾಯಿ ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆ ಪ್ರತಿ ಜಿಲ್ಲೆಯಲ್ಲೂ ಕನಿಷ್ಠ 150 ಮಂದಿಗೆ ಸಾಲುವ ವೃದ್ಧಾಶ್ರಮದ ಕನಸು ಕಂಡಿತು. ಅಲ್ಲಿನ ನಿವಾಸಿ ತನ್ನ ಹಣದ ಲೆಕ್ಕವನ್ನು ನೋಡಬಹುದೆಂಬ ಒಂದು ವಾಕ್ಯ ಅದರಲ್ಲಿಲ್ಲ. ಖಾಸಗಿ ಆಶ್ರಮಗಳ ನೋಂದಣಿಗೆಂದು 2019ರಲ್ಲಿ ಮಂಡಿಸಿದ ತಿದ್ದುಪಡಿ ಮಸೂದೆ ಅಂಗೀಕಾರವಾಗದೆ ಬಿದ್ದುಹೋಯಿತು. ಇತ್ತ ಬೆಂಗಳೂರಿನ ಸುತ್ತ ದೊಡ್ಡ ಠೇವಣಿ, ತಿಂಗಳ ಶುಲ್ಕ, ಮೇಲೆ ಡೈಪರು, ಫಿಸಿಯೋಥೆರಪಿ, ರಾತ್ರಿಯ ಆಯಾ ಎಂದು ಪ್ರತ್ಯೇಕ ಬಿಲ್ಲು ಹಾಕುವ ಕೇಂದ್ರಗಳು ಹೆಚ್ಚುತ್ತಲೇ ಇವೆ. ಹಣ ಡಲ್ಲಾಸಿನಿಂದಲೋ ದುಬೈಯಿಂದಲೋ ನೇರ ವರ್ಗಾವಣೆಯಾಗುತ್ತದೆ, ರಸೀದಿ ಮಗನ ಇಮೇಲಿಗೆ ಹೋಗುತ್ತದೆ, ರಾತ್ರಿ ಆಯಾ ನಿಜಕ್ಕೂ ಬಂದಿದ್ದಳೇ ಎಂದು ಬಲ್ಲ ಏಕೈಕ ವ್ಯಕ್ತಿಗೆ ಆ ರಸೀದಿಯನ್ನು ಯಾರೂ ತೋರಿಸುವುದಿಲ್ಲ. ಕಾಯ್ದೆಯ 32ನೇ ಕಲಂ ರಾಜ್ಯಕ್ಕೆ ನಿಯಮ ಮಾಡುವ ಅಧಿಕಾರ ಕೊಟ್ಟಿದೆ. ಸರ್ಕಾರಿ ಆಶ್ರಮಗಳ ಮಟ್ಟಿಗಾದರೂ ಅದನ್ನು ಬಳಸಲು ದೆಹಲಿಯ ದಾರಿ ಕಾಯಬೇಕಿಲ್ಲ. ಖಾಸಗಿ ಕೇಂದ್ರದ ಕರಾರಿಗೆ ಸಹಿ ಹಾಕಲು ಕೂತ ಮಗ ಅಥವಾ ಮಗಳು ಅದರಲ್ಲೊಂದು ಸಾಲು ಸೇರಿಸಲು ಇವತ್ತೇ ಕೇಳಬಹುದು: ತಿಂಗಳ ಬಿಲ್ಲಿನ ಪ್ರತಿ ಮೊದಲು ಅಮ್ಮನ ಕೈಗೆ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಇಮೇಲು ಆಮೇಲೆ.